ಬಿಸಿಲ ನಾಡಿಗೆ ಗಾಜಿನ ಗೋಡೆಯೇಕೆ?

ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರು ದಿನನಿತ್ಯ ಕಾಣುವ ನೋಟಗಳಲ್ಲಿ ಗಾಜಿನ ಕಟ್ಟಡವೂ ಒಂದಾಗಿದೆ. ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣವಿರಲಿ, ಹೈದರಾಬಾದಿನ ಮಾದಾಪುರವಿರಲಿ, ಚೆನ್ನೈಯ ಹಳೆಯ ಮಹಾಬಲಿಪುರಂ ರಸ್ತೆಯಿರಲಿ, ದಿಲ್ಲಿಯ ನೆರೆಯ ಗುರುಗ್ರಾಮವಿರಲಿ, ಎಲ್ಲೆಡೆಯೂ ಬುಡದಿಂದ ನೆತ್ತಿಯವರೆಗೆ ಗಾಜನ್ನೇ ಹೊದ್ದು ನಿಂತ ಗೋಪುರಗಳು ಕಣ್ಣಿಗೆ ಬೀಳುತ್ತವೆ. ಊರು ಬೇರೆ, ಹವೆ ಬೇರೆ. ಕಟ್ಟಡ ಮಾತ್ರ ಒಂದೇ. ಮೊದಮೊದಲು ದೊಡ್ಡ ಕಂಪೆನಿಗಳ ಕಚೇರಿಗಳಿಗೆ ಸೀಮಿತವಾಗಿದ್ದ ಈ ಪದ್ಧತಿ ಈಗ ಆಸ್ಪತ್ರೆ, ಶಾಲೆ ಮತ್ತು ವಸತಿಗೃಹಗಳಿಗೂ ಇಳಿದುಬಂದಿದೆ. ಗಾಜಿದ್ದರೆ ಪ್ರಗತಿ, ಇಲ್ಲದಿದ್ದರೆ ಹಳತು ಎಂಬ ಭಾವನೆ ಜನಮನದಲ್ಲಿ ಬೇರೂರಿದೆ.

ಕಟ್ಟಡದ ಹೊರಮೈ ಬರಿಯ ಅಲಂಕಾರದ ವಿಷಯವಲ್ಲ. ಮೈಗೆ ಉಡುಪು ಹೇಗೋ ಮನೆಗೆ ಹೊರಗೋಡೆ ಹಾಗೆ. ಮೇ ತಿಂಗಳ ಮುಂಬಯಿಯಲ್ಲಿ ಉಣ್ಣೆಯ ಕೋಟು ತೊಟ್ಟು ಬೀಸಣಿಗೆ ಬೀಸಿಕೊಳ್ಳುವವನನ್ನು ಕಂಡರೆ ಯಾರೂ ಅವನನ್ನು ನಾಗರಿಕನೆಂದು ಹೊಗಳುವುದಿಲ್ಲ. ಆದರೆ ಕಟ್ಟಡವೊಂದು ಅದೇ ಕೆಲಸ ಮಾಡಿದರೆ ಅದನ್ನು ಆಧುನಿಕವೆಂದು ಕೊಂಡಾಡುವುದುಂಟು. ಈ ವಿಪರ್ಯಾಸವನ್ನು ಆರೋಗ್ಯದ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯವಾಗಿದೆ.

ಗಾಜು ಬಂದ ದಾರಿ

ಗಾಜಿನ ಗೋಡೆ ಹುಟ್ಟಿದ್ದು ಬಿಸಿಲಿಗಾಗಿ ಹಂಬಲಿಸುವ ನಾಡುಗಳಲ್ಲಿ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನಿಂದ ನಿರ್ಮಿಸಿದ ಕ್ರಿಸ್ಟಲ್ ಪ್ಯಾಲೆಸ್ ಜಗತ್ತನ್ನು ಬೆರಗುಗೊಳಿಸಿತು. ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಉಷ್ಣವಲಯದ ಗಿಡಗಳನ್ನು ಇಂಗ್ಲೆಂಡಿನ ಚಳಿಯಿಂದ ಕಾಪಾಡಲು ಗಾಜಿನ ಮನೆಗಳನ್ನು ಕಟ್ಟಿ ಪಳಗಿದವನು. ಅದೇ ಮಾದರಿಯ ಗಾಜಿನ ಮನೆಯೊಂದು ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಇದೆ. 1889ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತು. ಆದರೆ ಅದು ಫಲಪುಷ್ಪ ಪ್ರದರ್ಶನಕ್ಕಾಗಿ ಕಟ್ಟಿದ್ದು. ಅದರೊಳಗೆ ಸಂಸಾರ ಹೂಡುವ ಆಲೋಚನೆ ಯಾರಿಗೂ ಬರಲಿಲ್ಲ. ಗಿಡಕ್ಕೆ ಹಿತವಾದ ಬಿಸಿ ಮನುಷ್ಯನಿಗೆ ಹಿತವಲ್ಲವೆಂಬುದು ಅಂದಿನವರಿಗೆ ತಿಳಿದಿತ್ತು.

ಗಾಜನ್ನೇ ಗೋಡೆಯಾಗಿಸಿ, ಕಿಟಕಿ ತೆರೆಯದಂತೆ ಮುಚ್ಚಿ, ಯಂತ್ರದಿಂದ ತಂಪು ಹಾಯಿಸುವ ಕಚೇರಿಯ ಮಾದರಿಯನ್ನು ಜಗತ್ತಿಗೆ ಪರಿಚಯಿಸಿದ ಕಟ್ಟಡಗಳಲ್ಲಿ 1952ರ ನ್ಯೂಯಾರ್ಕಿನ ಲೀವರ್ ಹೌಸ್ ಪ್ರಮುಖವಾದುದು. ಆದರೆ ಅದಕ್ಕಿಂತ ಎರಡು ದಶಕ ಮೊದಲೇ ಈ ಮಾರ್ಗದ ಅಪಾಯ ಪ್ಯಾರಿಸ್ ನಗರದಲ್ಲಿ ಬಯಲಾಗಿತ್ತು. ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಅಲ್ಲಿ ಸಾಲ್ವೇಶನ್ ಆರ್ಮಿ ಸಂಸ್ಥೆಗಾಗಿ ನಿರ್ಗತಿಕರ ವಸತಿಗೃಹವೊಂದನ್ನು ರಚಿಸಿದನು. 1933ರಲ್ಲಿ ಅದು ತೆರೆಯಿತು. ದಕ್ಷಿಣಕ್ಕೆ ಮುಖಮಾಡಿದ ಅದರ ವಿಶಾಲವಾದ ಗಾಜಿನ ಗೋಡೆಯಲ್ಲಿ ತೆರೆಯುವ ಕಿಟಕಿಗಳಿರಲಿಲ್ಲ. ತಂಪುಗೊಳಿಸುವ ಯಂತ್ರಕ್ಕೆ ಹಣ ಒದಗಲಿಲ್ಲ. ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬಂದಾಗ ಒಳಗಿದ್ದವರು ಸೆಕೆಯಿಂದ ಬಸವಳಿದರು. ಕಡೆಗೆ ಅಧಿಕಾರಿಗಳ ಒತ್ತಾಯದಿಂದ ಕಿಟಕಿಗಳನ್ನು ಬಿಡಿಸಬೇಕಾಯಿತು. ಎರಡನೆಯ ಮಹಾಯುದ್ಧದ ಅನಂತರ ಗಾಜಿನ ಮುಂದೆ ಬಿಸಿಲು ತಡೆಯುವ ಕಾಂಕ್ರೀಟು ಪಟ್ಟಿಗಳನ್ನು ಕೂಡಿಸಲಾಯಿತು.

ಇದೇ ಕಾರ್ಬುಸಿಯೆ 1951ರಲ್ಲಿ ಚಂಡೀಗಢದ ಕೆಲಸಕ್ಕಾಗಿ ಭಾರತಕ್ಕೆ ಬಂದಾಗ ಬರಿಯ ಗಾಜಿನ ಗೋಡೆಯನ್ನು ಎತ್ತಲಿಲ್ಲ. ಚಂಡೀಗಢದ ಉಚ್ಚ ನ್ಯಾಯಾಲಯ ಮತ್ತು ಸಚಿವಾಲಯಗಳಲ್ಲಿಯೂ, ಅಹಮದಾಬಾದಿನ ಗಿರಣಿ ಮಾಲಕರ ಸಂಘದ ಭವನದಲ್ಲಿಯೂ ಆತನು ಆಳವಾದ ಕಾಂಕ್ರೀಟು ಚೌಕಟ್ಟುಗಳ ನೆರಳಿನ ಮುಖವನ್ನು ಕೊಟ್ಟನು. ಗಾಜಿನ ಪ್ರವರ್ತಕನೇ ಅನುಭವದಿಂದ ಕಲಿತ ಪಾಠವನ್ನು ಎಪ್ಪತ್ತು ವರ್ಷಗಳ ಮೇಲೂ ಭಾರತದ ನಗರಗಳು ಕಲಿಯದಿರುವುದು ವಿಷಾದದ ಸಂಗತಿ.

ಬಿಸಿಲು ಒಳಹೊಕ್ಕ ಮೇಲೆ

ಸೂರ್ಯನ ಬೆಳಕು ಗಾಜನ್ನು ಸುಲಭವಾಗಿ ದಾಟುತ್ತದೆ. ಒಳಗಿನ ನೆಲ, ಮೇಜು, ಕುರ್ಚಿಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳು ಮರಳಿ ಸೂಸುವ ಶಾಖವಾದರೋ ದೀರ್ಘ ಅಲೆಯದು. ಅದಕ್ಕೆ ಗಾಜು ದಾರಿ ಬಿಡುವುದಿಲ್ಲ. ಒಳಬಂದದ್ದು ಒಳಗೇ ಸೆರೆಯಾಗುತ್ತದೆ.

ಇದರ ಪ್ರಮಾಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಆಕಾಶ ನಿಚ್ಚಳವಾಗಿರುವಾಗ ಸೂರ್ಯನಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರು ಮೇಲ್ಮೈಗೆ ಸುಮಾರು 1000 ವ್ಯಾಟ್ ಶಾಖ ಬೀಳುತ್ತದೆ. ಬೇಸಿಗೆಯ ಸಂಜೆ ಪಡುವಣ ಗೋಡೆಗೆ 600 ವ್ಯಾಟ್ ಎಂದೇ ಹಿಡಿಯೋಣ. ಸಾಧಾರಣ ತಿಳಿಗಾಜು ಅದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಒಳಬಿಡುತ್ತದೆ. 10 ಚದರ ಮೀಟರು ಗಾಜಿದ್ದರೆ ಸುಮಾರು 4800 ವ್ಯಾಟ್ ಶಾಖ ಕೋಣೆಯೊಳಗೆ ಬಂದಂತಾಯಿತು. ಸಾವಿರ ವ್ಯಾಟಿನ ಐದು ಹೀಟರುಗಳನ್ನು ಹಚ್ಚಿಟ್ಟ ಹಾಗೆ! ಒಂದೂವರೆ ಟನ್ನಿನ ಹವಾನಿಯಂತ್ರಕದ ಬಹುತೇಕ ಶಕ್ತಿ ಈ ಬಿಸಿಲನ್ನು ಹೊರಹಾಕುವುದರಲ್ಲಿಯೇ ವ್ಯಯವಾಗುತ್ತದೆ. ಒಳಗೆ ಪರದೆ ಇಳಿಬಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಅಷ್ಟರಲ್ಲಿ ಶಾಖ ಗಾಜನ್ನು ದಾಟಿಯಾಗಿರುತ್ತದೆ. ಬಿಸಿಲನ್ನು ತಡೆಯುವುದಿದ್ದರೆ ಗಾಜಿನ ಹೊರಗೇ ತಡೆಯಬೇಕು.

ದೇಹದ ಮೇಲೆ ಪರಿಣಾಮ

ಗಾಜಿನ ಕಟ್ಟಡದಲ್ಲಿ ದುಡಿಯುವವರು ವಿಚಿತ್ರವಾದೊಂದು ತೊಂದರೆಯನ್ನು ಹೇಳಿಕೊಳ್ಳುವುದುಂಟು. ಕೋಣೆಯ ಉಷ್ಣತೆ 24 ಡಿಗ್ರಿ ಎಂದು ಯಂತ್ರ ತೋರಿಸುತ್ತಿದ್ದರೂ ಗಾಜಿನ ಬದಿಯಲ್ಲಿ ಕುಳಿತವನಿಗೆ ಸೆಕೆ, ಒಳಭಾಗದಲ್ಲಿ ಕುಳಿತವನಿಗೆ ನಡುಕ. ಯಂತ್ರ ಅಳೆಯುವುದು ಗಾಳಿಯ ಉಷ್ಣತೆಯನ್ನು. ದೇಹವಾದರೋ ಕಾದ ಗಾಜಿನಿಂದ ಹೊಮ್ಮುವ ಶಾಖವನ್ನೂ ನೇರವಾಗಿ ಹೀರಿಕೊಳ್ಳುತ್ತದೆ. ಒಬ್ಬನ ಸುಖಕ್ಕಾಗಿ ತಂಪು ಹೆಚ್ಚಿಸಿದರೆ ಇನ್ನೊಬ್ಬನ ಕತ್ತು, ಹೆಗಲು ಹಿಡಿದುಕೊಳ್ಳುತ್ತದೆ.

ಎರಡನೆಯದು ಕಣ್ಣಿನ ಮಾತು. ಗಾಜು ಬೆಳಕನ್ನು ತರುತ್ತದೆಂಬುದು ನಿಜ. ಆದರೆ ಬೆಳಕು ಬೇರೆ, ಕಣ್ಣು ಕೋರೈಸುವ ಝಳ ಬೇರೆ. ಝಳ ತಾಳಲಾರದೆ ಪರದೆ ಎಳೆಯುತ್ತಾರೆ. ಕತ್ತಲಾಯಿತೆಂದು ದೀಪ ಹಾಕುತ್ತಾರೆ. ನಡುಹಗಲಿನಲ್ಲಿ ಗಾಜಿನ ಗೋಡೆಗೆ ಪರದೆ, ಪರದೆಯ ಹಿಂದೆ ವಿದ್ಯುದ್ದೀಪ! ಗಾಜಿಗಾಗಿ ತೆತ್ತ ಹಣದ ಉದ್ದೇಶವೇ ಅಲ್ಲಿ ಮುಗಿದುಹೋಗುತ್ತದೆ.

ಮೂರನೆಯದು ಹಲವರಿಗೆ ತಿಳಿಯದ ಸಂಗತಿ. ಚರ್ಮದಲ್ಲಿ ಡಿ ಜೀವಸತ್ವ ಉತ್ಪತ್ತಿಯಾಗಲು ಸೂರ್ಯನ ‘ಬಿ’ ವರ್ಗದ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ಹೆಚ್ಚುಕಡಮೆ ಪೂರ್ತಿಯಾಗಿ ತಡೆದುಬಿಡುತ್ತದೆ. ಇಡೀ ದಿನ ಬೆಳಕಿನ ನಡುವೆ ಕುಳಿತರೂ ಎಲುಬಿಗೆ ಬೇಕಾದ ಆ ಸತ್ವ ಅಲ್ಲಿ ಸಿಗದು. ಬಿಸಿಲಿನ ಶಾಖ ಬಂತು, ಬಿಸಿಲಿನ ಗುಣ ಹೊರಗೇ ಉಳಿಯಿತು.

ನಾಲ್ಕನೆಯದೂ ಬಹು ಮುಖ್ಯವಾದುದೂ ಗಾಳಿಯ ಪ್ರಶ್ನೆ. ತೆರೆಯದ ಗಾಜಿನ ಹಿಂದೆ ಉಸಿರಾಡುವವರು ಯಂತ್ರ ಕೊಟ್ಟಷ್ಟೇ ಗಾಳಿಯನ್ನು ಪಡೆಯಬೇಕು. ಹೊಸ ಗಾಳಿ ಸಾಲದಾದಾಗ ಇಂಗಾಲದ ಡೈ ಆಕ್ಸೈಡ್ ಹೆಚ್ಚಿ ತಲೆಭಾರ, ಆಲಸ್ಯ, ಗಂಟಲು ಕೆರೆತ ಕಾಣಿಸಿಕೊಳ್ಳುತ್ತವೆ. 1980ರ ದಶಕದಲ್ಲಿಯೇ ವೈದ್ಯರು ಇದನ್ನು ಕಟ್ಟಡದ ಕಾಯಿಲೆಯೆಂದು ಗುರುತಿಸಿದ್ದರು. 2020ರಲ್ಲಿ ಹಬ್ಬಿದ ಕೋವಿಡ್ ಮಹಾಮಾರಿ ತೆರೆದ ಕಿಟಕಿಯ ಬೆಲೆಯನ್ನು ಜಗತ್ತಿಗೇ ಮತ್ತೊಮ್ಮೆ ಮನಗಾಣಿಸಿತು. ವಿದ್ಯುತ್ತು ಕೈಕೊಟ್ಟ ದಿನವಂತೂ ಮುಚ್ಚಿದ ಗಾಜಿನ ಮನೆಯಲ್ಲಿ ವೃದ್ಧರು, ಹಸುಗೂಸುಗಳ ಪಾಡು ಹೇಳತೀರದು.

ಬೆಂಕಿಯ ಸಂದರ್ಭವನ್ನೂ ಮರೆಯಲಾಗದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಎದ್ದಾಗ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ಮೇಲಂತಸ್ತುಗಳನ್ನು ತುಂಬಿತು. ಒಳಗಿದ್ದವರು ಉಸಿರಿಗಾಗಿ ಗಾಜನ್ನು ಒಡೆಯಬೇಕಾಯಿತು. ಆ ದುರಂತಕ್ಕೆ ಗಾಜೊಂದೇ ಕಾರಣವಲ್ಲ. ಆದರೆ ಹೊಗೆ ಹೊರಹೋಗಲು, ಗಾಳಿ ಒಳಬರಲು ದಾರಿಯಿಲ್ಲದ ಹೊರಮೈ ಎಂತಹ ಅಪಾಯವನ್ನು ಒಡ್ಡಬಲ್ಲುದೆಂಬುದಕ್ಕೆ ಅದು ನಿದರ್ಶನ.

ಇವೆಲ್ಲ ಒಳಗಿರುವವರ ಕಷ್ಟ. ಹೊರಗಿರುವವರದು ಬೇರೆಯೇ ಇದೆ. ಗಾಜಿನ ಗೋಪುರ ಪ್ರತಿಫಲಿಸಿದ ಬಿಸಿಲೂ, ಅದರ ಯಂತ್ರಗಳು ಹೊರದೂಡಿದ ಬಿಸಿಗಾಳಿಯೂ ಬೀದಿಯ ಪಾಲಾಗುತ್ತವೆ. ಎದುರಿನ ಚಾಳಿನ ನಿವಾಸಿ, ಕಾಲುದಾರಿಯ ತರಕಾರಿಯವಳು, ಸಿಗ್ನಲಿನಲ್ಲಿ ನಿಂತ ಪೋಲೀಸು, ಇವರಾರೂ ಆ ತಂಪಿನಲ್ಲಿ ಪಾಲುದಾರರಲ್ಲ. ಸೆಕೆಯಲ್ಲಿ ಮಾತ್ರ ಪಾಲುದಾರರು. 2013ರಲ್ಲಿ ಲಂಡನ್ನಿನ ಫೆನ್‌ಚರ್ಚ್ ಬೀದಿಯ ಬಾಗುಮುಖದ ಗಾಜಿನ ಗೋಪುರ ಎಸೆದ ಬಿಸಿಲಿಗೆ ಕೆಳಗೆ ನಿಲ್ಲಿಸಿದ್ದ ಕಾರಿನ ಭಾಗಗಳು ಕರಗಿದವು. ಮರುವರ್ಷ ಆ ಕಟ್ಟಡಕ್ಕೂ ಬಿಸಿಲು ತಡೆಯುವ ಪಟ್ಟಿಗಳನ್ನು ಅಳವಡಿಸಬೇಕಾಯಿತು. ಚಳಿಯ ಲಂಡನ್ನಿಗೇ ನೆರಳು ಬೇಕಾದರೆ ಚೆನ್ನೈಗೆ ಬೇಡವೇ?

ಗಾಜಿಗೆ ಬದಲು ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದ ಸುತ್ತ ಇರುವ ಜಾಲಂಧ್ರಗಳನ್ನು ನೋಡದ ಕನ್ನಡಿಗರು ವಿರಳ. ಆ ಕಲ್ಲಿನ ಜಾಲರಿಗಳು ಬೆಳಕನ್ನು ಬಿಡುತ್ತವೆ, ಗಾಳಿಯನ್ನು ಬಿಡುತ್ತವೆ, ಬಿಸಿಲನ್ನು ಹೊರಗೆ ನಿಲ್ಲಿಸುತ್ತವೆ. ಇದರ ಮರ್ಮ ರಂಧ್ರದ ಆಳದಲ್ಲಿದೆ. ರಂಧ್ರದ ಎತ್ತರದಷ್ಟೇ ಅದರ ಆಳವೂ ಇದ್ದರೆ ಆಕಾಶದಲ್ಲಿ 45 ಡಿಗ್ರಿಗಿಂತ ಮೇಲಿರುವ ಸೂರ್ಯನ ನೇರ ಕಿರಣ ಒಳಗೆ ಬಾರದು. 1799ರಲ್ಲಿ ಕಟ್ಟಿದ ಜಯಪುರದ ಹವಾ ಮಹಲಿನದೂ ಇದೇ ಸೂತ್ರ. ಇದು ಹಳೆಯ ಕಾಲಕ್ಕಷ್ಟೇ ಸಲ್ಲುವ ಉಪಾಯವೆನ್ನುವವರು ದಿಲ್ಲಿಯ ಅಮೆರಿಕನ್ ರಾಯಭಾರ ಕಚೇರಿಯನ್ನು ನೋಡಬಹುದು. ಎಡ್ವರ್ಡ್ ಡ್ಯುರೆಲ್ ಸ್ಟೋನ್ ರಚಿಸಿ 1959ರಲ್ಲಿ ಉದ್ಘಾಟನೆಗೊಂಡ ಆ ಭವನದಲ್ಲಿ ಗಾಜಿನ ಗೋಡೆಯ ಮುಂದೆಯೇ ಜಾಲರಿಯ ಪರದೆ ನಿಂತಿದೆ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಲಾರಿ ಬೇಕರ್ ಬರಿಯ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಅಲ್ಪವೆಚ್ಚದಲ್ಲಿ ಅದೇ ಫಲವನ್ನು ಪಡೆದನು.

ಎರಡನೆಯ ಉಪಾಯ ಛಜ್ಜಾ. ಮುಂಬಯಿಯ ಮರೀನ್ ಡ್ರೈವಿನಲ್ಲಿ 1930 ಮತ್ತು 40ರ ದಶಕಗಳಲ್ಲಿ ಎದ್ದ ಮನೆಗಳ ಕಿಟಕಿಗಳ ಮೇಲೆ ಹುಬ್ಬಿನಂತೆ ಸುತ್ತುವರಿದ ಛಜ್ಜಾಗಳು ಅಂದಕ್ಕಾಗಿ ಮಾತ್ರ ಬಂದವಲ್ಲ. ಬಿಸಿಲನ್ನೂ ಮಳೆಯನ್ನೂ ತಡೆಯಲು ಬಂದವು. ಆ ಮನೆಗಳ ಸಾಲು 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿದ ಮುಂಬಯಿಯ ಕಟ್ಟಡ ಸಮೂಹದ ಭಾಗವಾಗಿದೆ.

ಛಜ್ಜಾ ಎಲ್ಲ ದಿಕ್ಕಿಗೂ ಒಂದೇ ರೀತಿ ಸಲ್ಲುವುದಿಲ್ಲವೆಂಬುದನ್ನು ಗಮನಿಸಬೇಕು. ದಕ್ಷಿಣದ ಸೂರ್ಯ ಎತ್ತರದಲ್ಲಿರುತ್ತಾನೆ. ಅಲ್ಲಿ ಅಡ್ಡ ಛಜ್ಜಾ ಸಾಕು. ಮುಂಬಯಿಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೇ ವಾಲಿರುತ್ತಾನೆ. ದಿಲ್ಲಿಯಲ್ಲಿ ದಕ್ಷಿಣದ ಛಜ್ಜಾ ಬೇಸಿಗೆಯ ಬಿಸಿಲನ್ನು ತಡೆದು ಚಳಿಗಾಲದ ತಗ್ಗಿದ ಬಿಸಿಲನ್ನು ಮಾತ್ರ ಒಳಗೆ ಕರೆಯುತ್ತದೆ. ಆದರೆ ಮೂಡಲ, ಪಡುವಣ ಬಿಸಿಲು ಓರೆಯಾಗಿ, ತಗ್ಗಿನಿಂದ ಬರುವುದರಿಂದ ಅಲ್ಲಿ ನಿಲುವು ಪಟ್ಟಿಗಳು, ಜಾಲರಿ ಇಲ್ಲವೆ ಆಳವಾದ ವೆರಾಂಡ ಬೇಕು. ನಾಲ್ಕು ಮುಖಕ್ಕೂ ಒಂದೇ ಗಾಜನ್ನು ಮೆತ್ತುವವನು ಸೂರ್ಯ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತಾನೆಂಬುದನ್ನೇ ಮರೆತಂತಾಯಿತು.

ಮೂರನೆಯದು ಜಗಲಿ, ಪಡಸಾಲೆಗಳ ನೆನಪನ್ನು ತರುವ ವೆರಾಂಡ. ಚಾರ್ಲ್ಸ್ ಕೊರಿಯಾ ಮುಂಬಯಿಯ ಕಂಬಾಲಾ ಹಿಲ್ಲಿನಲ್ಲಿ ರಚಿಸಿ 1983ರಲ್ಲಿ ಪೂರ್ಣಗೊಂಡ 28 ಅಂತಸ್ತುಗಳ ಕಾಂಚನಜುಂಗ ಇದಕ್ಕೆ ಉತ್ತಮ ಉದಾಹರಣೆ. ಅಲ್ಲಿ ಸಮುದ್ರದ ಗಾಳಿಯೂ ನೋಟವೂ ಪಡುವಣದಿಂದ ಬರುತ್ತವೆ. ಕಡುಬಿಸಿಲೂ ಮುಂಗಾರೂ ಅದೇ ದಿಕ್ಕಿನಿಂದ ಬರುತ್ತವೆ. ಕೊರಿಯಾ ಮನೆಯ ಮೂಲೆಗಳಲ್ಲಿ ಎರಡಂತಸ್ತು ಎತ್ತರದ ತೆರೆದ ವೆರಾಂಡಗಳನ್ನು ಕೊರೆದು, ಹಳೆಯ ಬಂಗಲೆಯ ಸೂತ್ರವನ್ನು ಆಕಾಶಕ್ಕೇರಿಸಿದನು. ಗಗನಚುಂಬಿಗೆ ಗಾಜೇ ಗತಿಯೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಪುದುಚೇರಿಯ ಆಶ್ರಮದ ಗೋಲ್ಕೊಂಡ ವಸತಿಗೃಹ ಇನ್ನೂ ಹಿಂದಿನದು. ಆಂಟೊನಿನ್ ರೇಮಂಡ್ ಮತ್ತು ಜಾರ್ಜ್ ನಾಕಶಿಮಾ ಅವರ ಕೈಚಳಕದ ಆ ಕಟ್ಟಡದ ಹೊರಮೈಯಲ್ಲಿ ಗಾಜಿನ ಕಿಟಕಿಗಳ ಸಾಲಿಲ್ಲ. ಬೇಕಾದಂತೆ ತೆರೆದು ಮುಚ್ಚಬಹುದಾದ ಅಡ್ಡಪಟ್ಟಿಗಳೇ ಗೋಡೆಯಾಗಿವೆ.

ನಾಲ್ಕನೆಯದು ಸಾಮಗ್ರಿಯ ಆಯ್ಕೆ. ಇಟ್ಟಿಗೆ, ಕಗ್ಗಲ್ಲು, ಕರಾವಳಿಯ ಮುರಕಲ್ಲು, ಟೊಳ್ಳು ಇಟ್ಟಿಗೆ, ಸುಟ್ಟ ಮಣ್ಣಿನ ಫಲಕ, ಇವೆಲ್ಲ ಬಿಸಿಲನ್ನು ನೇರವಾಗಿ ಒಳಬಿಡದ ವಸ್ತುಗಳು. ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಮಂಗಳೂರಿನ ಜೇಡಿಮಣ್ಣು ದೂರದೂರದ ಮನೆಗಳಿಗೆ ಮಾಡಾಯಿತು. ಇಂದು ದೇಶವಿದೇಶಗಳ ದೊಡ್ಡ ಕಟ್ಟಡಗಳ ಹೊರಮೈಗೆ ಗೋಡೆಯಿಂದ ಸ್ವಲ್ಪ ದೂರದಲ್ಲಿ ತೂಗುಹಾಕುವ ಸುಟ್ಟ ಮಣ್ಣಿನ ಪಟ್ಟಿ, ಫಲಕಗಳೂ ಅದೇ ಜಾತಿಯವು. ನಡುವಣ ಸಂದಿನಲ್ಲಿ ಗಾಳಿ ಆಡುವುದರಿಂದ ಒಳಗೋಡೆ ಕಾಯುವುದಿಲ್ಲ.

ಬದಲಿಯಲ್ಲಿಯೂ ಎಚ್ಚರ ಬೇಕು

ಗಾಜಲ್ಲದ್ದೆಲ್ಲ ಒಳ್ಳೆಯದೆಂದು ತಿಳಿಯುವುದೂ ತಪ್ಪು. ಹೊಳೆಯುವ ಅಲ್ಯುಮಿನಿಯಂ ಸಂಯುಕ್ತ ಫಲಕಗಳು ಇಂದು ಗಾಜಿನ ಅಗ್ಗದ ಜೊತೆಗಾರನಂತೆ ಎಲ್ಲೆಡೆ ಕಾಣಿಸುತ್ತಿವೆ. ಅವುಗಳ ನಡುವಿನ ತಿರುಳು ಪಾಲಿಥೀನ್ ಆಗಿದ್ದರೆ ಅದು ಗೋಡೆಗೆ ಹಚ್ಚಿದ ಇಂಧನವೇ ಸರಿ. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತುಗಳ ಗ್ರೆನ್‌ಫೆಲ್ ಟವರಿನಲ್ಲಿ 72 ಮಂದಿಯ ಸಾವಿಗೆ ಕಾರಣವಾದ ಬೆಂಕಿ ಇಂತಹ ಫಲಕಗಳ ಮೂಲಕವೇ ಹೊರಮೈಯನ್ನೇರಿತು.

ಜಾಲರಿ, ಛಜ್ಜಾಗಳಿಗೂ ತಮ್ಮದೇ ಆದ ತೊಡಕುಗಳುಂಟು. ಮುಂಗಾರಿನ ಎರಚಲು ಒಳನುಗ್ಗದಂತೆ ಜಾಲರಿಯ ಹಿಂದೆ ಮುಚ್ಚಬಲ್ಲ ಕಿಟಕಿ ಬೇಕು. ಪಾರಿವಾಳಗಳು ಗೂಡು ಕಟ್ಟಿದರೆ ಅವುಗಳ ಹಿಕ್ಕೆಯ ಧೂಳು ಕೆಲವರಿಗೆ ಶ್ವಾಸಕೋಶದ ತೀವ್ರ ಅಲರ್ಜಿಯನ್ನು ತರಬಲ್ಲುದು. ಆದಕಾರಣ ಮೊದಲೇ ಬಲೆ ಹಾಕಿ, ಶುಚಿ ಮಾಡಲು ದಾರಿ ಬಿಟ್ಟಿರಬೇಕು. ಹಸಿರು ಬಳ್ಳಿಯ ಗೋಡೆಯನ್ನು ಬೆಳೆಸುವವರು ಕುಂಡದ ತಟ್ಟೆಗಳಲ್ಲಿ ನೀರು ನಿಂತು ಡೆಂಗೆಯ ಸೊಳ್ಳೆಗೆ ಆಶ್ರಯವಾಗದಂತೆ ನೋಡಿಕೊಳ್ಳಬೇಕು. ಇವು ನಿಭಾಯಿಸಬಹುದಾದ ತೊಡಕುಗಳು.

ಗಾಜಿನ ಪರವಾದ ಮಾತು

ಗಾಜಿನ ಪಕ್ಷ ವಹಿಸುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಲೇಪನವಿರುವ ಎರಡು ಪದರದ ಗಾಜು ಬಿಸಿಲಿನ ಕಾಲುಭಾಗದಷ್ಟನ್ನು ಮಾತ್ರ ಒಳಬಿಡುವಂತೆ ತಯಾರಾಗುತ್ತಿದೆ. ಮಹಾನಗರದ ಗದ್ದಲ, ಧೂಳುಗಳನ್ನು ತಡೆಯಲೂ ಗಾಜು ಬೇಕು. ಆದರೆ ಆ ಉತ್ತಮ ಗಾಜು ದುಬಾರಿ. ಇಷ್ಟಾಗಿಯೂ ನೆರಳಿನಲ್ಲಿರುವ ಇಟ್ಟಿಗೆಯ ಗೋಡೆಗೆ ಅದು ಸಾಟಿಯಾಗದು. ತೆರೆಯದ ಗಾಜಿನಿಂದ ಗಾಳಿಯಂತೂ ಬಾರದು. ಅದನ್ನು ತೊಳೆಯಲು ಇಪ್ಪತ್ತನೆಯ ಮಹಡಿಯಿಂದ ಹಗ್ಗ ಕಟ್ಟಿಕೊಂಡು ಇಳಿಯುವ ಕೂಲಿಯವನ ಜೀವದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗದ್ದಲ, ಧೂಳುಗಳಿಗೆ ಬೇಕಾದದ್ದು ಮುಚ್ಚಬಲ್ಲ ಕಿಟಕಿ, ಗಾಜಿನ ಗೋಡೆಯಲ್ಲ. 2007ರಲ್ಲಿ ರೂಪುಗೊಂಡು 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ತನ್ನ ನಿಗದಿತ ಸೂತ್ರಗಳಲ್ಲಿ ವಾಣಿಜ್ಯ ಕಟ್ಟಡದ ಹೊರಗೋಡೆಯ 40 ಪ್ರತಿಶತಕ್ಕಿಂತ ಹೆಚ್ಚಿನ ಭಾಗ ಕಿಟಕಿಯಾಗಬಾರದೆಂದಿತು. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆಯೂ ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಮಿತಿ ಹಾಕಿತು. ಶಾಸ್ತ್ರಜ್ಞರು ಹೇಳಬೇಕಾದುದನ್ನು ಹೇಳಿದ್ದಾರೆ. ಅದನ್ನು ಆಚರಣೆಗೆ ತರಿಸುವುದು ಮನೆ ಕೊಳ್ಳುವವರ, ಕಟ್ಟಿಸುವವರ ಕೈಯಲ್ಲಿದೆ.

ಕನ್ನಡಿಗರು ಮಾಡಬಹುದಾದುದು

ಮುಂಬಯಿ, ಪುಣೆಗಳಲ್ಲಿ ಹಳೆಯ ಸೊಸಾಯಿಟಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಕಾರ್ಯ ಭರದಿಂದ ಸಾಗಿದೆ. ಅನೇಕ ಕನ್ನಡ ಕುಟುಂಬಗಳು ಅಂತಹ ಸೊಸಾಯಿಟಿಗಳಲ್ಲಿವೆ; ಹಲವರು ಅವುಗಳ ಕಾರ್ಯಕಾರಿ ಸಮಿತಿಗಳಲ್ಲಿದ್ದಾರೆ. ಬಿಲ್ಡರನು ಹೊಳೆಯುವ ಚಿತ್ರವೊಂದನ್ನು ಹಿಡಿದು ಬಂದಾಗ ಸಭೆಯಲ್ಲಿ ಚರ್ಚೆ ನಡೆಯುವುದು ಚದರಡಿಗಳ ಬಗ್ಗೆ, ಕಾರು ನಿಲ್ಲಿಸುವ ಜಾಗದ ಬಗ್ಗೆ. ಹೊರಮೈಯ ಬಗ್ಗೆ ಕೇಳುವವರು ಅಪರೂಪ. ಕೇಳಬೇಕಾದ ಪ್ರಶ್ನೆಗಳು ಕೆಲವೇ: ಪಡುವಣ ಗೋಡೆಯಲ್ಲಿ ಗಾಜೆಷ್ಟು? ಅದರ ಹೊರಗೆ ನೆರಳೇನು? ಪ್ರತಿ ಕೋಣೆಯಲ್ಲಿ ಪೂರ್ತಿ ತೆರೆಯುವ ಕಿಟಕಿ ಉಂಟೇ? ಎದುರುಬದುರು ಗಾಳಿ ಹಾಯುವುದೇ? ಫಲಕಗಳ ತಿರುಳು ಬೆಂಕಿ ಹಿಡಿಯುವಂತಹದೇ? ಈ ಐದಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆಯದೆ ಸಹಿ ಹಾಕಬಾರದು.

ಇದೇ ವಿವೇಕ ಕನ್ನಡ ಸಂಘಗಳಿಗೂ ಬೇಕು. ಹೊರನಾಡಿನಲ್ಲಿ ಸಂಘವೊಂದು ಹನಿಹನಿಯಾಗಿ ನಿಧಿ ಕೂಡಿಸಿ ಸ್ವಂತ ಭವನ ಕಟ್ಟುವುದು ಸಣ್ಣ ಸಾಹಸವಲ್ಲ. ಆ ಭವನಕ್ಕೆ ಗಾಜಿನ ಮುಖವಿಟ್ಟರೆ ಪ್ರತಿ ತಿಂಗಳ ವಿದ್ಯುತ್ ಬಿಲ್ಲು ಸದಸ್ಯರ ಚಂದಾಹಣವನ್ನು ನುಂಗುತ್ತದೆ. ಯಕ್ಷಗಾನಕ್ಕೋ ಗ್ರಂಥಾಲಯಕ್ಕೋ ಸಲ್ಲಬೇಕಾದ ಹಣ ಬಿಸಿಲನ್ನು ಹೊರಹಾಕುವುದಕ್ಕೆ ವೆಚ್ಚವಾಗುತ್ತದೆ. ಜಾಲಂಧ್ರದ ಗೋಡೆ, ಆಳವಾದ ಜಗಲಿ, ತೆರೆಯುವ ಕಿಟಕಿಗಳಿರುವ ಭವನದಲ್ಲಿ ವರ್ಷದ ಹಲವು ತಿಂಗಳು ಫ್ಯಾನಿನ ಗಾಳಿಯಲ್ಲಿಯೇ ಕಾರ್ಯಕ್ರಮ ನಡೆಸಬಹುದು. ಮಧ್ಯಾಹ್ನದ ಹೊತ್ತು ಓದಲು ಬರುವ ಹಿರಿಯರು ಅಲ್ಲಿ ನೆಮ್ಮದಿಯಿಂದ ಕುಳಿತು ಪತ್ರಿಕೆ ತಿರುವಬಹುದು. ಕರೆಂಟು ಹೋದರೂ ಅವರು ಎದ್ದು ಹೊರಡಬೇಕಾಗದು.